ಮಿನುಗುವುದು ನಕ್ಷತ್ರವಲ್ಲ, ನಮ್ಮ ಗಾಳಿ

(ನಮ್ಮ ಬಳಗವು 2026ರ ಜನವರಿಯಲ್ಲಿ ಏರ್ಪಡಿಸಿದ್ದ ಆಕಾಶ ವೀಕ್ಷಣೆಯ ಶಿಬಿರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಕೃಷಿ ವಿಜ್ಞಾನಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ.)



ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೂ ಬಿಡುವು ಮಾಡಿಕೊಂಡು, ಈ ಮಾಗಿಯ ಚಳಿಯಲ್ಲಿ ಶಾಲೆಯ ಅಂಗಳದಲ್ಲಿ ಕಂಬಳಿ ಹೊದ್ದು ಕುಳಿತಿರುವ ನಿಮಗೆಲ್ಲ ಮೊದಲಿಗೆ ನನ್ನ ಕೃತಜ್ಞತೆಗಳು. ಸಂಘಟಕರು ಕರೆದಾಗ ನಾನು ಸ್ವಲ್ಪ ಹಿಂಜರಿದದ್ದು ನಿಜ. ನಾನು ಖಗೋಳ ವಿಜ್ಞಾನಿಯಲ್ಲ. ಮಣ್ಣು, ನೀರು, ಬೆಳೆಗಳ ನಡುವೆ ಕೆಲಸ ಮಾಡುವವನು. ಆದರೂ ಒಪ್ಪಿಕೊಂಡೆ. ಏಕೆಂದರೆ ನಾನು ಇಂದು ಹೇಳಹೊರಟಿರುವ ವಿಷಯವು ಆಕಾಶದಲ್ಲಿ ಆರಂಭವಾದರೂ ಕೊನೆಗೆ ಬಂದು ಮುಟ್ಟುವುದು ನಮ್ಮ ಗದ್ದೆ, ತೋಟ, ಬೆಟ್ಟಗಳ ಮೇಲಿರುವ ಗಾಳಿಯನ್ನು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗಷ್ಟೇ ಪಿಎಚ್.ಡಿ. ಮುಗಿಸಿ ಊರಿಗೆ ಮರಳಿದ್ದೆ. ಒಂದು ಸಂಜೆ ಪಕ್ಕದ ಕೇರಿಯ ಅಜ್ಜನೊಬ್ಬರ ಮನೆಯ ಜಗುಲಿಯಲ್ಲಿ ಕುಳಿತಿದ್ದೆವು. ವಿದ್ಯುತ್ ಹೋಗಿತ್ತು. ಕಂಬಕ್ಕೆ ಲಾಟೀನು ತೂಗುಹಾಕಿದ್ದರು. ಅಜ್ಜ ಆಕಾಶವನ್ನು ತೋರಿಸಿ ಕೇಳಿದರು: “ತಮ್ಮಾ, ಅಗೋ ಅದು ಮಿನುಗುತ್ತದೆ. ಅದರ ಪಕ್ಕದ ಆ ದೊಡ್ಡದು ಮಿನುಗುವುದೇ ಇಲ್ಲ. ಯಾಕೆ?” ನಾನು ತಡಮಾಡದೆ ಉತ್ತರಿಸಿದೆ: “ಅಜ್ಜಾ, ಮಿನುಗುವುದು ನಕ್ಷತ್ರ, ಅದಕ್ಕೆ ಸ್ವಂತ ಬೆಳಕಿದೆ. ಮಿನುಗದಿರುವುದು ಗ್ರಹ, ಅದಕ್ಕೆ ಸ್ವಂತ ಬೆಳಕಿಲ್ಲ.” ಶಾಲೆಯಲ್ಲಿ ನಾನು ಕಲಿತು, ಬರೆದು, ಅಂಕ ಪಡೆದ ಉತ್ತರ ಅದು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಅಲ್ಲ, ಈ ಲಾಟೀನಿಗೂ ಸ್ವಂತ ಬೆಳಕೇ ಅಲ್ಲವಾ? ಗಾಜಿನೊಳಗೆ ಸುಮ್ಮನೆ ಉರೀತಾ ಇದೆ. ಆಚೆ ಗುಡ್ಡದ ಮೇಲಿನ ಮನೆಯ ದೀಪ ನೋಡು, ಅದು ಮಿನುಗುತ್ತಾ ಇದೆ. ಅವರ ಮನೆಯಲ್ಲಿ ಏನು ಬೇರೆ ಜಾತಿಯ ಬೆಳಕು ಇಟ್ಟಿದ್ದಾರಾ?”

ನನ್ನ ಬಳಿ ಉತ್ತರವಿರಲಿಲ್ಲ. ನಾಲ್ಕನೆಯ ತರಗತಿಯವರೆಗೂ ಓದದ ಆ ಹಿರಿಯರು ನೋಡಿ ಮಾತನಾಡಿದ್ದರು. ನಾನು ನೋಡದೆ ಮಾತನಾಡಿದ್ದೆ.

ಉತ್ತರವನ್ನು ಒರೆಗೆ ಹಚ್ಚೋಣ

ಇಲ್ಲಿರುವ ಎಷ್ಟು ಮಂದಿ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇದೇ ಉತ್ತರ ಬರೆದಿದ್ದೀರೋ ತಿಳಿಯದು. ನಕ್ಷತ್ರಗಳಿಗೆ ಸ್ವಂತ ಬೆಳಕಿದೆ ಎಂಬುದು ಸತ್ಯ. ಗ್ರಹಗಳು ಸೂರ್ಯನ ಬೆಳಕನ್ನು ಪ್ರತಿಫಲಿಸುತ್ತವೆ ಎಂಬುದೂ ಸತ್ಯ. ಆದರೆ ಮಿನುಗುವಿಕೆಗೆ ಅದು ಕಾರಣವಲ್ಲ. ಎರಡು ಸತ್ಯಗಳನ್ನು ‘ಆದುದರಿಂದ’ ಎಂಬ ಪದದಿಂದ ತಪ್ಪಾಗಿ ಜೋಡಿಸಿದ್ದೇವೆ, ಅಷ್ಟೆ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಸೂರ್ಯನೂ ಒಂದು ನಕ್ಷತ್ರ, ಸ್ವಯಂಪ್ರಕಾಶ. ಸೂರ್ಯ ಮಿನುಗುತ್ತಾನೆಯೇ? ಇಲ್ಲ. ಹಾಗಾದರೆ ಸ್ವಂತ ಬೆಳಕಿರುವುದೆಲ್ಲ ಮಿನುಗಬೇಕೆಂಬ ನಿಯಮ ಅಲ್ಲಿಯೇ ಮುರಿದುಬಿತ್ತು. ಇನ್ನು ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೆನೆಯಿರಿ. 2025ರ ಜೂನ್–ಜುಲೈನಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿ ಇದ್ದು ಬಂದರು. ಅಲ್ಲಿಂದ ಮೇಲಕ್ಕೆ ನೋಡಿದರೆ ಅವೇ ನಕ್ಷತ್ರಗಳು ಸೂಜಿಯ ಮೊನೆಯಂತೆ ನಿಶ್ಚಲವಾಗಿ ಬೆಳಗುತ್ತವೆ. ನಕ್ಷತ್ರ ಬದಲಾಗಲಿಲ್ಲ. ನೋಡುವವನು ಗಾಳಿಯ ಹೊದಿಕೆಯಿಂದ ಹೊರಗೆ ಹೋದ, ಮಿನುಗು ನಿಂತಿತು. ಅಂದಮೇಲೆ ಮಿನುಗು ಇರುವುದು ನಕ್ಷತ್ರದಲ್ಲಿ ಅಲ್ಲ, ನಮ್ಮ ಗಾಳಿಯಲ್ಲಿ.

ಅಗೋ ಆಗ್ನೇಯದಲ್ಲಿ ಪ್ರಖರವಾಗಿ ಮಿನುಗುತ್ತಿರುವುದು ಲುಬ್ಧಕ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 8.6 ವರ್ಷ ಬೇಕು. ಇಂದು ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ಇಲ್ಲಿರುವ ಹೈಸ್ಕೂಲಿನ ಮಕ್ಕಳು ಅಂಗನವಾಡಿಯಲ್ಲಿದ್ದಿರಬಹುದು. ಅಷ್ಟೂ ವರ್ಷ ಅದು ಯಾವ ಅಲುಗಾಟವೂ ಇಲ್ಲದೆ ಬಂದಿತು. ಭೂಮಿಯ ಮೇಲಿನ ಕೊನೆಯ 20 ಕಿಲೋಮೀಟರ್ ಗಾಳಿಯನ್ನು ದಾಟಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡಿನ ಹದಿನೈದು ಸಾವಿರದ ಒಂದು ಭಾಗ ಮಾತ್ರ. ನಾವು ಕಾಣುವ ಮಿನುಗೆಲ್ಲ ಆ ಕೊನೆಯ ಕ್ಷಣದಲ್ಲಿ ಆದದ್ದು.

ಹೊಳೆಯ ತಳದಲ್ಲಿ ಬೆಳಕಿನ ಬಲೆ

ಗಾಳಿ ಬೆಳಕನ್ನು ಹೇಗೆ ಅಲುಗಿಸುತ್ತದೆ? ಅಡಿಕೆ ಬೇಯಿಸುವ ಒಲೆಯ ಮುಂದೆ ಕುಳಿತವರಿಗೆ ಇದು ಹೊಸದಲ್ಲ. ಹಂಡೆಯ ಪಕ್ಕದಿಂದ ಮೇಲೇಳುವ ಬಿಸಿ ಗಾಳಿಯ ಮೂಲಕ ಆಚೆಗಿನ ಗೋಡೆಯನ್ನೋ ಮರವನ್ನೋ ನೋಡಿದರೆ ಅದು ನೀರಿನಲ್ಲಿ ಮುಳುಗಿದಂತೆ ನಡುಗುತ್ತದೆ. ಬಿಸಿ ಗಾಳಿ ತೆಳು, ತಣ್ಣನೆಯ ಗಾಳಿ ದಟ್ಟ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ತುಸು ಬಾಗುತ್ತದೆ. ಇದಕ್ಕೆ ವಕ್ರೀಭವನ ಎನ್ನುತ್ತೇವೆ. ಗಾಳಿಯ ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ ಬೆಳಕನ್ನು ಬಾಗಿಸುವ ಅದರ ಗುಣದಲ್ಲಿ ಆಗುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಮಾತ್ರ. ಅತ್ಯಲ್ಪ. ಆದರೆ ಹತ್ತಾರು ಕಿಲೋಮೀಟರ್ ಎತ್ತರದ ಗಾಳಿಯಲ್ಲಿ ಅಂಗೈಯಗಲದ, ಮೊಳದಗಲದ, ಇನ್ನೂ ದೊಡ್ಡದಾದ ಸುಳಿಗಳು ಲೆಕ್ಕವಿಲ್ಲದಷ್ಟಿವೆ. ಒಂದೊಂದೂ ಒಂದು ದುರ್ಬಲ ಮಸೂರದಂತೆ ವರ್ತಿಸುತ್ತದೆ. ಎಲ್ಲದರ ಪರಿಣಾಮ ಕೂಡಿದಾಗ ಅಲ್ಪವು ಅಲ್ಪವಾಗಿ ಉಳಿಯುವುದಿಲ್ಲ.

ಇನ್ನೊಂದು ದೃಶ್ಯವನ್ನು ನೆನಪಿಸಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ, ಮೊಣಕಾಲುದ್ದ ತಿಳಿನೀರು ಹರಿಯುವ ಹೊಳೆ. ತಳದ ಮರಳಿನ ಮೇಲೆ ಬೆಳಕಿನ ಗೆರೆಗಳು ಬಲೆಯಂತೆ ಹರಡಿ ಓಡಾಡುತ್ತಿರುತ್ತವೆ. ನೀರಿನ ಮೇಲ್ಮೈಯ ಅಲೆಗಳು ಬಿಸಿಲನ್ನು ಕೆಲವೆಡೆ ಒಟ್ಟುಗೂಡಿಸುತ್ತವೆ, ಕೆಲವೆಡೆ ಚದುರಿಸುತ್ತವೆ. ಒಟ್ಟುಗೂಡಿದಲ್ಲಿ ಬೆಳಕಿನ ಗೆರೆ, ಚದುರಿದಲ್ಲಿ ನಸುಗತ್ತಲು. ತಳದಲ್ಲಿ ಒಂದು ಬೆಣಚುಕಲ್ಲು ಬಿದ್ದಿದೆ ಎಂದುಕೊಳ್ಳಿ. ಬಲೆಯ ಗೆರೆ ಅದರ ಮೇಲೆ ಹಾಯ್ದಾಗ ಕಲ್ಲು ಹೊಳೆಯುತ್ತದೆ, ಗೆರೆ ಸರಿದಾಗ ಮಂಕಾಗುತ್ತದೆ. ಮತ್ತೆ ಹೊಳೆಯುತ್ತದೆ, ಮತ್ತೆ ಮಂಕಾಗುತ್ತದೆ.

ಮಿತ್ರರೆ, ಗಾಳಿಯ ಹೊಳೆಯ ತಳದಲ್ಲಿ ಬಿದ್ದಿರುವ ಬೆಣಚುಕಲ್ಲು ನಮ್ಮ ಕಣ್ಣು. ಲುಬ್ಧಕದ ಬೆಳಕು ಮೇಲಿನ ಗಾಳಿಯ ಅಲೆಗಳನ್ನು ದಾಟಿ ಬಂದು ಈ ಅಂಗಳದ ಮೇಲೆ ಅಂಥದೇ ಬಲೆಯೊಂದನ್ನು ಹಾಸಿದೆ. ಅದು ಅತಿ ಮಂದವಾಗಿರುವುದರಿಂದ ನೆಲದ ಮೇಲೆ ನಮಗೆ ಕಾಣುವುದಿಲ್ಲ. ಮೇಲಿನ ಗಾಳಿ ಬೀಸಿದಂತೆಲ್ಲ ಆ ಬಲೆ ನಮ್ಮ ಮೇಲೆ ಓಡುತ್ತಲೇ ಇರುತ್ತದೆ. ಕತ್ತಲಿನಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 6 ಮಿಲಿಮೀಟರ್ ಅಗಲವಿರುತ್ತದೆ. ಬಲೆಯ ಗೆರೆ ಅದರ ಮೇಲೆ ಹಾಯ್ದಾಗ ನಕ್ಷತ್ರ ಫಳಕ್ಕನೆ ಬೆಳಗುತ್ತದೆ, ಸರಿದಾಗ ಕುಂದುತ್ತದೆ. ಒಂದು ಸೆಕೆಂಡಿನಲ್ಲಿ ಇದು ಹಲವು ಬಾರಿ ನಡೆಯುತ್ತದೆ. ಅದೇ ಮಿನುಗು.

ಈ ಬಲೆಯನ್ನು ಕಣ್ಣಾರೆ ಕಾಣುವ ಅವಕಾಶ ನಮ್ಮ ಜಿಲ್ಲೆಗಳ ಜನರಿಗೆ ಒಮ್ಮೆ ಬಂದಿತ್ತು. 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ಹಾದಿ ಅಂಕೋಲೆಯ ಕರಾವಳಿಯಿಂದ ರಾಯಚೂರಿನ ಕಡೆಗೆ ಸಾಗಿತ್ತು. ಸೂರ್ಯ ಪೂರ್ತಿ ಮರೆಯಾಗುವುದಕ್ಕೆ ಕೆಲವೇ ಕ್ಷಣಗಳ ಮೊದಲು ಅವನು ಕೂದಲೆಳೆಯಂಥ ಬೆಳಕಿನ ಗೆರೆಯಾಗುತ್ತಾನೆ. ಆಗ ಬಿಳಿಯ ಗೋಡೆಯ ಮೇಲೋ ಹಾಸಿದ ಪಂಚೆಯ ಮೇಲೋ ಮಸುಕಾದ ನೆರಳಿನ ಪಟ್ಟೆಗಳು ಹರಿದಾಡುವುದುಂಟು. ನಕ್ಷತ್ರ ಮಿನುಗುವುದಕ್ಕೂ ಆ ಪಟ್ಟೆಗಳಿಗೂ ಕಾರಣ ಒಂದೇ. ಆ ದಿನ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು ಎಂದು ಮನೆಯಲ್ಲಿ ಕೇಳಿದ್ದೇನೆ.

ಗ್ರಹಗಳು ಏಕೆ ಮಿನುಗುವುದಿಲ್ಲ?

ಮತ್ತೆ ಹೊಳೆಯ ಬಳಿಗೆ ಬನ್ನಿ. ಅದೇ ಹೊಳೆ, ಅದೇ ಅಲೆಗಳು, ಆದರೆ ಮೋಡ ಕವಿದ ದಿನ. ತಳದಲ್ಲಿ ಬೆಳಕಿನ ಬಲೆ ಕಾಣುತ್ತದೆಯೇ? ಇಲ್ಲ. ತಳವೆಲ್ಲ ಒಂದೇ ಸಮನೆ ಬೆಳಗಿರುತ್ತದೆ. ಅಲೆಗಳು ನಿಂತಿಲ್ಲ. ಆದರೆ ಈಗ ಬೆಳಕು ಒಂದೇ ದಿಕ್ಕಿನಿಂದ ಬರದೆ ಆಕಾಶದ ಎಲ್ಲ ಭಾಗಗಳಿಂದ ಬರುತ್ತಿದೆ. ಒಂದೊಂದು ದಿಕ್ಕಿನ ಬೆಳಕೂ ತನ್ನದೇ ಬಲೆಯನ್ನು ಹಾಸುತ್ತದೆ. ಒಂದು ಬಲೆಯ ಗೆರೆಯ ಮೇಲೆ ಇನ್ನೊಂದರ ಕತ್ತಲು, ಅದರ ಮೇಲೆ ಮತ್ತೊಂದರ ಗೆರೆ. ಸಾವಿರ ಬಲೆಗಳು ಒಂದರ ಮೇಲೊಂದು ಬಿದ್ದಾಗ ಯಾವ ಬಲೆಯೂ ಉಳಿಯುವುದಿಲ್ಲ.

ನಕ್ಷತ್ರಕ್ಕೂ ಗ್ರಹಕ್ಕೂ ಇರುವ ವ್ಯತ್ಯಾಸ ಇಷ್ಟೇ. ನಕ್ಷತ್ರ ನಮ್ಮ ಪಾಲಿಗೆ ಒಂದು ಬಿಂದು. ಗ್ರಹ ಒಂದು ಪುಟ್ಟ ಬಿಲ್ಲೆ.

ಇದನ್ನು ಅಳತೆಯಲ್ಲಿ ನೋಡೋಣ. ಪಂಚಾಂಗ ನೋಡುವವರಿಗೆ ಅಂಶ, ಕಲೆ, ವಿಕಲೆಗಳು ಗೊತ್ತು. ಒಂದು ಅಂಶ ಎಂದರೆ ಒಂದು ಡಿಗ್ರಿ. ಅದರ 60ರಲ್ಲೊಂದು ಪಾಲು ಕಲೆ, ಕಲೆಯ 60ರಲ್ಲೊಂದು ಪಾಲು ವಿಕಲೆ. ಹುಣ್ಣಿಮೆಯ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ, ಎಂದರೆ ಸುಮಾರು 1800 ವಿಕಲೆಗಳಷ್ಟು ಅಗಲ ಕಾಣುತ್ತಾನೆ. ಅಗೋ ಪೂರ್ವದಲ್ಲಿ ಮಿಥುನ ರಾಶಿಯಲ್ಲಿ ಹಳದಿ ಛಾಯೆಯಲ್ಲಿ ಬೆಳಗುತ್ತಿರುವ ಗುರು ಈ ತಿಂಗಳು ಸುಮಾರು 45 ವಿಕಲೆ. ಪಶ್ಚಿಮದಲ್ಲಿ ಇಳಿಯುತ್ತಿರುವ ಶನಿ ಸುಮಾರು 17 ವಿಕಲೆ. ಲುಬ್ಧಕವೋ, ಒಂದು ವಿಕಲೆಯ ಸಾವಿರದಲ್ಲಿ ಆರು ಭಾಗ ಮಾತ್ರ! ಲುಬ್ಧಕ ಸೂರ್ಯನಿಗಿಂತ ದೊಡ್ಡ ನಕ್ಷತ್ರ. ಅದು ಚಿಕ್ಕದಾಗಿ ಕಾಣುವುದಕ್ಕೆ ದೂರವೇ ಕಾರಣ.

ಎರಡು ಸೆಂಟಿಮೀಟರ್ ಅಗಲದ ಒಂದು ನಾಣ್ಯವನ್ನು 90 ಮೀಟರ್ ದೂರದಲ್ಲಿಟ್ಟರೆ ಅದು ಗುರುವಿನಷ್ಟು ಅಗಲ ಕಾಣುತ್ತದೆ. ಈ ಅಂಗಳದಿಂದ ಬಸ್ ನಿಲ್ದಾಣದವರೆಗಿನ ದೂರವಾಯಿತು. ಅದೇ ನಾಣ್ಯ ಲುಬ್ಧಕದಷ್ಟು ಚಿಕ್ಕದಾಗಿ ಕಾಣಬೇಕಾದರೆ ಅದನ್ನು ಸುಮಾರು 700 ಕಿಲೋಮೀಟರ್ ದೂರ, ಎಂದರೆ ಮುಂಬಯಿಯ ಆಚೆಗೆ ಇಡಬೇಕು.

ಈಗ ನಿಮ್ಮ ಕಣ್ಣಿನಿಂದ ಆ ಎರಡಕ್ಕೂ ದಾರ ಕಟ್ಟಿದಂತೆ ಕಲ್ಪಿಸಿಕೊಳ್ಳಿ. ನಮ್ಮ ಮೇಲೆ 10 ಕಿಲೋಮೀಟರ್ ಎತ್ತರದಲ್ಲಿ, ಗಾಳಿಯ ಸುಳಿಗಳು ಇರುವಲ್ಲಿ, ಲುಬ್ಧಕದ ಬಿಲ್ಲೆಯ ಒಂದು ಅಂಚಿನಿಂದ ಬರುವ ಬೆಳಕಿಗೂ ಇನ್ನೊಂದು ಅಂಚಿನಿಂದ ಬರುವ ಬೆಳಕಿಗೂ ಇರುವ ಅಂತರ ಹೊಲಿಗೆಯ ದಾರದ ದಪ್ಪದಷ್ಟು, ಒಂದು ಮಿಲಿಮೀಟರಿನ ಮೂರರಲ್ಲೊಂದು ಪಾಲಿಗೂ ಕಡಿಮೆ. ಆದುದರಿಂದ ಲುಬ್ಧಕದ ಬೆಳಕೆಲ್ಲ ಒಂದೇ ಸುಳಿಯ ಮೂಲಕ ಹಾಯ್ದು ಬರುತ್ತದೆ. ಆ ಸುಳಿ ಹೇಗೆ ಆಡಿಸಿದರೆ ಹಾಗೆ ಆಡುತ್ತದೆ. ಅದೇ ಎತ್ತರದಲ್ಲಿ ಗುರುವಿನ ಎರಡು ಅಂಚುಗಳ ಬೆಳಕಿನ ನಡುವಿನ ಅಂತರ ಎರಡು ಮೀಟರಿಗೂ ಹೆಚ್ಚು, ಒಂದು ಮಾರು ದಾಟುತ್ತದೆ. ಶನಿಗೆ ಎರಡು ಮೊಳಕ್ಕೆ ತುಸು ಕಡಿಮೆ. ಒಂದು ಮಾರು ಅಗಲದಲ್ಲಿ ಎಷ್ಟೊಂದು ಸುಳಿಗಳು! ಗುರುವಿನ ಒಂದು ಭಾಗದ ಬೆಳಕು ಒಂದು ಸುಳಿಯಿಂದ ಹೆಚ್ಚಾದರೆ ಇನ್ನೊಂದು ಭಾಗದ್ದು ಬೇರೊಂದು ಸುಳಿಯಿಂದ ಕಡಿಮೆಯಾಗುತ್ತದೆ. ಒಟ್ಟು ಮೊತ್ತ ಹೆಚ್ಚುಕಡಿಮೆ ಸಮ. ನೂರು ಮನೆಗಳ ಊರಿನಲ್ಲಿ ಒಂದು ಮನೆಯಲ್ಲಿ ಈ ವರ್ಷ ಫಸಲು ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಊರಿನ ಒಟ್ಟು ಫಸಲು ಒಂದೊಂದು ಮನೆಯದರಷ್ಟು ಏರಿಳಿಯುವುದಿಲ್ಲವಲ್ಲ, ಹಾಗೆ.

ಅಜ್ಜನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಜಗುಲಿಯ ಲಾಟೀನು ಕಣ್ಣಿಗೆ ದೊಡ್ಡದು, ನಡುವೆ ಇರುವ ಗಾಳಿಯೂ ನಾಲ್ಕು ಹೆಜ್ಜೆಯಷ್ಟು. ಆಚೆ ಗುಡ್ಡದ ದೀಪ ದೂರದಿಂದಾಗಿ ಬಿಂದುವಾಗಿದೆ. ಅದರ ಬೆಳಕು ಬರುವುದು ಕಣಿವೆಯ ದಟ್ಟವಾದ, ಬೆಚ್ಚನೆಯ ಮತ್ತು ತಣ್ಣನೆಯ ಪದರಗಳು ಬೆರೆತ ಗಾಳಿಯ ಮೂಲಕ. ಘಟ್ಟದ ಅಂಚಿನಲ್ಲಿ ನಿಂತು ರಾತ್ರಿ ಕರಾವಳಿಯ ಊರುಗಳ ದೀಪಗಳನ್ನು ನೋಡಿದವರಿಗೆ ಅವೆಲ್ಲ ನಕ್ಷತ್ರಗಳಂತೆ ಮಿನುಗುವುದು ಗೊತ್ತಿರುತ್ತದೆ. ಬೆಳಕಿನ ಜಾತಿ ಒಂದೇ. ಬೇರೆಯಾದದ್ದು ದೂರ ಮತ್ತು ಗಾಳಿ.

ಅಗಸ್ತ್ಯನ ಬಣ್ಣಗಳು

ಈ ನಿಯಮಕ್ಕೂ ಒಂದು ಮಿತಿಯುಂಟು. ದಿಗಂತದ ಸಮೀಪವಿರುವ ಗ್ರಹಗಳೂ ಒಮ್ಮೊಮ್ಮೆ ಮಿನುಗುತ್ತವೆ. ಬಿಲ್ಲೆ ಚಿಕ್ಕದಿರುವ ಬುಧ ಯಾವಾಗಲೂ ದಿಗಂತದ ಬಳಿಯೇ ಕಾಣುವುದರಿಂದ ಅದು ಮಿನುಗುವುದು ಹೆಚ್ಚು. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ದಾಟುವ ಗಾಳಿಯನ್ನು ಒಂದು ಪಾಲು ಎಂದು ಎಣಿಸಿದರೆ, ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವುದರ ಬೆಳಕು ಎರಡು ಪಾಲು, 10 ಡಿಗ್ರಿ ಎತ್ತರದಲ್ಲಿರುವುದರ ಬೆಳಕು ಐದೂವರೆ ಪಾಲು ಗಾಳಿಯನ್ನು ದಾಟಬೇಕು. ಹೀಗಾಗಿ ನೆತ್ತಿಯ ನಕ್ಷತ್ರ ಕಡಿಮೆ, ದಿಗಂತದ ನಕ್ಷತ್ರ ಹೆಚ್ಚು ಮಿನುಗುತ್ತದೆ.

ದಕ್ಷಿಣದ ಅಗಸ್ತ್ಯ ನಕ್ಷತ್ರವನ್ನು ಗಮನಿಸಿ. ಆಕಾಶದಲ್ಲಿ ಲುಬ್ಧಕವನ್ನು ಬಿಟ್ಟರೆ ಅತಿ ಪ್ರಕಾಶಮಾನವಾದ ನಕ್ಷತ್ರ ಅದು. ನಮ್ಮ ಮಲೆನಾಡಿನಿಂದ ನೋಡಿದರೆ ಅದು ಎಂದಿಗೂ ಸುಮಾರು 23 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಗುಡ್ಡ ಅಡ್ಡವಿದ್ದ ಮನೆಗಳಿಗೆ ಅದು ಕಾಣುವುದೇ ಇಲ್ಲ. ಕಂಡಾಗ ಕೆಂಪು, ಹಸಿರು, ನೀಲಿಯಾಗಿ ಚಿಮ್ಮುವಂತೆ ತೋರುತ್ತದೆ. ಮೂಡುತ್ತಿರುವ ಲುಬ್ಧಕವೂ ಹಾಗೆಯೇ. ಗಾಳಿಯು ನೀಲಿಯನ್ನು ಕೆಂಪಿಗಿಂತ ತುಸು ಹೆಚ್ಚು ಬಾಗಿಸುತ್ತದೆ. ದಿಗಂತದ ಬಳಿ ಎರಡು ಬಣ್ಣಗಳ ದಾರಿ ಮೇಲೆ ಬೇರ್ಪಟ್ಟು, ಒಂದೊಂದು ಬಣ್ಣ ಒಂದೊಂದು ಸುಳಿಯ ಮೂಲಕ ಬರುತ್ತದೆ. ಒಂದು ಕ್ಷಣ ಕೆಂಪು ಹೆಚ್ಚಾದರೆ ಮರುಕ್ಷಣ ನೀಲಿ.

ಇದು ನಕ್ಷತ್ರದ ನಿಜವಾದ ಬದಲಾವಣೆಯಲ್ಲ ಎಂಬುದನ್ನು ನೆನಪಿಡಬೇಕು. ನಿಜವಾದ ಬದಲಾವಣೆಯೂ ಉಂಟು. ಅಗೋ ಆ ಕೆಂಪು ನಕ್ಷತ್ರ ಆರ್ದ್ರಾ. ನಮ್ಮ ರೈತರು ಆರಿದ್ರೆ ಮಳೆ ಎಂದು ಹೆಸರಿಸುವುದು ಇದನ್ನೇ. ಆರಿದ್ರೆ ಮಳೆಯ ದಿನಗಳಲ್ಲಿ ಸೂರ್ಯನೇ ಆ ನಕ್ಷತ್ರದ ಭಾಗದಲ್ಲಿರುವುದರಿಂದ ಅದನ್ನು ಆಗ ಕಾಣಲಾಗದು. ಕಾಣಬೇಕಾದರೆ ಈ ಮಾಗಿಯಲ್ಲಿಯೇ ಕಾಣಬೇಕು. 2019ರ ಕೊನೆಯಿಂದ 2020ರ ಆರಂಭದವರೆಗೆ ಆರ್ದ್ರಾ ಬರಿಗಣ್ಣಿಗೆ ಗೊತ್ತಾಗುವಷ್ಟು ಮಂಕಾಗಿತ್ತು. ಅದು ತಾನೇ ಹೊರಚೆಲ್ಲಿದ ದ್ರವ್ಯದಿಂದಾದ ಧೂಳು ಅದನ್ನು ಮರೆಮಾಡಿತ್ತೆಂದು ಖಗೋಳಜ್ಞರು ಕಂಡುಕೊಂಡರು. ಆ ಬದಲಾವಣೆಗೆ ವಾರಗಳು, ತಿಂಗಳುಗಳು ಬೇಕಾದವು. ಕ್ಷಣಕ್ಷಣದ ಮಿನುಗು ಮಾತ್ರ ನಮ್ಮ ಗಾಳಿಯದು.

ಮಿನುಗು ಹೇಳುವ ಸುದ್ದಿ

ಹಾಗಾದರೆ ಮಿನುಗಿನಿಂದ ಗಾಳಿಯ ಸುದ್ದಿ ತಿಳಿಯಬಹುದೇ? ನಕ್ಷತ್ರಗಳು ಬಹಳ ಮಿನುಗಿದರೆ ಹವೆ ಬದಲಾಗುತ್ತದೆಂದು ನಮ್ಮಲ್ಲಿ ಕೆಲವು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲೂ ಬೇಡ, ಮಳೆಯ ಮುನ್ಸೂಚನೆ ಎಂದು ನೆಚ್ಚಿ ಅಡಿಕೆಯನ್ನು ಅಂಗಳದಿಂದ ಎತ್ತಲೂ ಬೇಡ. ಮಿನುಗು ಹೇಳುವುದು ಇಷ್ಟನ್ನು ಮಾತ್ರ: ಮೇಲೆ ಗಾಳಿ ಜೋರಾಗಿದೆ, ಬಿಸಿ ಮತ್ತು ತಂಪು ಪದರಗಳು ಬೆರೆಯುತ್ತಿವೆ. ಇಂಥ ರಾತ್ರಿ ಎಲೆಯೂ ಅಲುಗುವುದಿಲ್ಲ, ಒಲೆಯ ಹೊಗೆ ತೋಟದ ಮೇಲೆ ಚಾಪೆ ಹಾಸಿದಂತೆ ಮಲಗಿರುತ್ತದೆ. ಆದರೂ ನಕ್ಷತ್ರಗಳು ಮಿನುಗುತ್ತಿರುತ್ತವೆ. ನಮ್ಮ ಅಂಗಳದಲ್ಲಿ ನಿಶ್ಶಬ್ದವಿದ್ದಾಗಲೂ ಹಲವು ಕಿಲೋಮೀಟರ್ ಮೇಲೆ ಗಾಳಿಯ ಹೊಳೆ ಹರಿಯುತ್ತಿದೆ ಎಂಬುದಕ್ಕೆ ನಮ್ಮ ಬಳಿ ಇರುವ ಅತಿ ಸುಲಭದ ಸಾಕ್ಷಿ ಅದೇ.

ನನ್ನ ವೃತ್ತಿಗೂ ಇದು ಬಂದು ತಾಕುತ್ತದೆ ಎಂದೆನಲ್ಲ. ಸಿಂಟಿಲೋಮೀಟರ್ ಎಂಬ ಉಪಕರಣವೊಂದಿದೆ. ಹೊಲದ ಒಂದು ಬದಿಯಲ್ಲಿ ಬೆಳಕು ಬೀರುವ ಪೆಟ್ಟಿಗೆ, ಇನ್ನೊಂದು ಬದಿಯಲ್ಲಿ, ಕೆಲವು ನೂರು ಮೀಟರುಗಳಿಂದ ಕೆಲವು ಕಿಲೋಮೀಟರುಗಳ ದೂರದಲ್ಲಿ, ಅದನ್ನು ಗ್ರಹಿಸುವ ಪೆಟ್ಟಿಗೆ. ಬೆಳೆಯ ಮೇಲಿನ ಗಾಳಿಯನ್ನು ದಾಟಿ ಬರುವಾಗ ಆ ಬೆಳಕು ಎಷ್ಟು ಮಿನುಗುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಅದರಿಂದ ನೆಲದಿಂದ ಗಾಳಿಗೆ ಎಷ್ಟು ಶಾಖ ಹೋಗುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಬಿಸಿಲಿನಿಂದ ಬಂದ ಶಕ್ತಿಯಲ್ಲಿ ಅದನ್ನೂ ಮಣ್ಣು ಹೀರಿಕೊಂಡದ್ದನ್ನೂ ಕಳೆದರೆ ಉಳಿದದ್ದು ಬೆಳೆ ಮತ್ತು ಮಣ್ಣಿನಿಂದ ನೀರನ್ನು ಆವಿಯಾಗಿಸಲು ಖರ್ಚಾದದ್ದು. ಎಂದರೆ, ಒಂದು ಹೊಲ ಒಂದು ದಿನಕ್ಕೆ ಎಷ್ಟು ನೀರು ಕುಡಿಯಿತು ಎಂಬ ಲೆಕ್ಕ ಬೆಳಕಿನ ಮಿನುಗಿನಿಂದ ದೊರೆಯುತ್ತದೆ! ಬಾವಿ, ಕೆರೆಗಳು ಬೇಸಿಗೆಗೆ ಮೊದಲೇ ಬತ್ತತೊಡಗಿರುವ ಊರುಗಳಿಗೆ ಆ ಲೆಕ್ಕ ಎಷ್ಟು ಮುಖ್ಯವೆಂದು ನಾನು ಹೇಳಬೇಕಾಗಿಲ್ಲ.

ಖಗೋಳಜ್ಞರಿಗೆ ಮಾತ್ರ ಮಿನುಗು ತೊಡಕು. ಐಸಾಕ್ ನ್ಯೂಟನ್ 1704ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಗ್ರಂಥದಲ್ಲಿಯೇ ನಕ್ಷತ್ರಗಳ ನಡುಕಕ್ಕೆ ಗಾಳಿಯ ಅಲುಗಾಟ ಕಾರಣವೆಂದೂ, ಎತ್ತರದ ಪರ್ವತಗಳ ಮೇಲಿನ ಪ್ರಶಾಂತ ಗಾಳಿಯೇ ಅದಕ್ಕೆ ಪರಿಹಾರವೆಂದೂ ಹೇಳಿದ್ದಾನೆ. ನಮ್ಮ ದೇಶ ಆ ಮಾತಿಗೆ ತಕ್ಕಂತೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯ ಕಟ್ಟಿದೆ. ಅಲ್ಲಿನ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ.

ಉಳಿಸಬೇಕಾದ ಕತ್ತಲು

ಹಾನ್ಲೆಯ ಹೆಸರು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲಾಕಾಶದ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರಿಗೆ ದೂರದರ್ಶಕಗಳನ್ನು ಕೊಟ್ಟು, ತರಬೇತಿ ನೀಡಿ, ಬಂದವರಿಗೆ ಆಕಾಶ ತೋರಿಸುವ ಹೊಣೆಯನ್ನು ವಹಿಸಿದ್ದಾರೆ. ಕತ್ತಲನ್ನು ಉಳಿಸುವುದೂ ಒಂದು ಸಂರಕ್ಷಣೆ, ಅದರಿಂದ ಸ್ಥಳೀಯರಿಗೆ ಬದುಕೂ ಸಾಧ್ಯ ಎಂಬುದನ್ನು ಆ ಹಳ್ಳಿಗಳು ತೋರಿಸುತ್ತಿವೆ.

ನಾವು ಕಾಡಿಗಾಗಿ, ಹೊಳೆಗಾಗಿ ಮಾತನಾಡಿದ್ದೇವೆ. ಕತ್ತಲಿಗಾಗಿ ಮಾತನಾಡಿದ್ದು ಕಡಿಮೆ. ದೀಪ ಬೇಡವೆಂದು ನಾನು ಹೇಳುತ್ತಿಲ್ಲ. ವಿದ್ಯುತ್ತಿಗಾಗಿ ವರ್ಷಗಟ್ಟಲೆ ಕಾದ ಮನೆಗಳು ಇಲ್ಲಿವೆ; ರಾತ್ರಿ ಹಾವು, ಹಂದಿಗಳ ಭಯವಿರುವ ಹಾದಿಗಳಿವೆ. ನಾನು ಹೇಳುತ್ತಿರುವುದು ಆಕಾಶಕ್ಕೆ ಮುಖಮಾಡಿ, ಯಾರಿಗೂ ಬೇಡದೆ, ಬೆಳಗಿನವರೆಗೆ ಉರಿಯುವ ದೀಪಗಳ ಬಗ್ಗೆ. ಗುಡ್ಡದ ನೆತ್ತಿಯಲ್ಲಿ ತಲೆಯೆತ್ತುತ್ತಿರುವ ತಂಗುದಾಣಗಳ ಅಲಂಕಾರದ ದೀಪಗಳಿವೆ, ನಮ್ಮದೇ ಅಂಗಳಗಳ ಬಿಳಿಯ ಎಲ್.ಇ.ಡಿ.ಗಳಿವೆ. ಮಿಂಚುಹುಳಗಳು ಸಂಗಾತಿಯನ್ನು ಕರೆಯುವುದು ಬೆಳಕಿನ ಸಂಕೇತದಿಂದ. ಪಕ್ಕದಲ್ಲಿ ದೊಡ್ಡ ದೀಪವಿದ್ದರೆ ಆ ಕರೆ ತಲುಪುವುದಿಲ್ಲ. ನಮ್ಮ ಹಳೆಯ ಭತ್ತದ ತಳಿಗಳಲ್ಲಿ ಹಲವು ಇರುಳಿನ ಉದ್ದವನ್ನು ಅರಿತು ತೆನೆ ಬಿಡುವಂಥವು. ಗದ್ದೆಯಂಚಿನ ದೀಪ ಅವುಗಳ ಲೆಕ್ಕವನ್ನು ತಪ್ಪಿಸುತ್ತದೆ, ದೀಪದ ಕೆಳಗಿನ ಪೈರು ಹಸಿರಾಗಿಯೇ ಉಳಿದು ತಡವಾಗಿ ತೆನೆಯೊಡೆಯುತ್ತದೆ. ಪರಿಹಾರ ಕಷ್ಟದ್ದಲ್ಲ. ದೀಪಕ್ಕೆ ಮೇಲಿನಿಂದ ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸುವುದು, ಬೇಡವಾದಾಗ ಆರಿಸುವುದು, ಕಣ್ಣು ಕುಕ್ಕುವ ಬಿಳಿಯ ಬದಲು ಹಳದಿಯ ಮಂದ ದೀಪ ಬಳಸುವುದು. ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪಗಳ ಚರ್ಚೆ ಬಂದಾಗ ಇಷ್ಟನ್ನು ಕೇಳೋಣ.

ವಿದ್ಯಾರ್ಥಿಗಳಿಗೆ ಮೂರು ಕೆಲಸಗಳನ್ನು ಕೊಡುತ್ತೇನೆ. ಮೊದಲನೆಯದು, ಇಂದಿನಿಂದ ಒಂದು ವಾರ ಗುರುವನ್ನೂ ಲುಬ್ಧಕವನ್ನೂ ನೋಡಿ, ಯಾವುದು ಎಷ್ಟು ಮಿನುಗಿತು, ಆಗ ದಿಗಂತದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಬರೆದಿಡಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಎರಡನೆಯದು, ಒಂದು ಚಿಕ್ಕ ಕನ್ನಡಿಯಲ್ಲಿ ಲುಬ್ಧಕದ ಪ್ರತಿಬಿಂಬ ಹಿಡಿದು ಕನ್ನಡಿಯನ್ನು ಬೇಗಬೇಗನೆ ಅಲುಗಿಸಿ. ಪ್ರತಿಬಿಂಬ ಗೆರೆಯಾಗುತ್ತದೆ. ನಕ್ಷತ್ರದ ಗೆರೆ ಬಣ್ಣದ ಮಣಿಗಳ ಸರದಂತೆ ತುಂಡುತುಂಡಾಗಿ ಕಾಣುತ್ತದೆ. ಗುರುವಿನದು ಅಖಂಡ ಗೆರೆ. ಮೂರನೆಯದು, ಪ್ರತಿ ಅಮಾವಾಸ್ಯೆಯ ಸುಮಾರಿಗೆ ಕೃತ್ತಿಕೆಯ ಗೊಂಚಲಿನಲ್ಲಿ ಬರಿಗಣ್ಣಿಗೆ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ಎಣಿಸಿ. ಹತ್ತು ವರ್ಷ ಎಣಿಸಿದರೆ ನಮ್ಮೂರಿನ ಕತ್ತಲು ಉಳಿಯಿತೋ ಅಳಿಯಿತೋ ಎಂಬ ದಾಖಲೆ ನಿಮ್ಮ ಕೈಯಲ್ಲಿರುತ್ತದೆ. ಶುಕ್ರ, ನಮ್ಮವರ ಬೆಳ್ಳಿ, ಈಗ ಸೂರ್ಯನ ಸಮೀಪದಲ್ಲಿ ಮರೆಯಾಗಿದೆ. ಮತ್ತೆ ಸಂಜೆಯ ಆಕಾಶಕ್ಕೆ ಬಂದಾಗ ಅದು ಮಿನುಗುತ್ತದೆಯೇ ಎಂದು ನೀವೇ ನೋಡಿ ಹೇಳಿ.

ಕೊನೆಯದಾಗಿ ಅಜ್ಜನ ವಿಷಯ. ಸರಿಯಾದ ಉತ್ತರ ತಿಳಿದುಕೊಂಡು ನಾನು ಮತ್ತೆ ಅವರಲ್ಲಿಗೆ ಹೋದದ್ದು ಎರಡು ಮೂರು ವರ್ಷಗಳ ಮೇಲೆ. ಅಷ್ಟರಲ್ಲಿ ಅವರ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ನಕ್ಷತ್ರ ತೋರಿಸಿ ವಿವರಿಸುವಂತಿರಲಿಲ್ಲ. ಹೊಳೆಯ ತಳದ ಬೆಳಕಿನ ಬಲೆಯನ್ನು ನೆನಪಿಸಿ ಹೇಳಿದೆ. ಅವರು ಕೂಡಲೇ ಹಿಡಿದುಕೊಂಡರು. “ಹಾಗಾದರೆ ಅಲ್ಲಾಡುವುದು ಅದಲ್ಲ ತಮ್ಮಾ, ನಾವು ಇರುವ ಜಾಗ,” ಎಂದರು. ಇಷ್ಟು ಹೊತ್ತು ನಾನು ಹೇಳಿದ್ದನ್ನೆಲ್ಲ ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಆ ಹಿರಿಯರು ಈಗಿಲ್ಲ. ಆದರೆ ಅವರ ಪ್ರಶ್ನೆ ನನ್ನೊಂದಿಗಿದೆ. ಯಾವುದೇ ವಿಷಯದಲ್ಲಿ, ಕಾಡಿನದಿರಲಿ, ನೀರಿನದಿರಲಿ, ಬೆಳೆಯದಿರಲಿ, ಡಿಗ್ರಿ ಪಡೆದವರು ಸಿದ್ಧ ಉತ್ತರವೊಂದನ್ನು ಕೊಟ್ಟಾಗ ನೀವು ಅದನ್ನು ನಿಮ್ಮ ಜಗುಲಿಯ ಲಾಟೀನಿನ ಪಕ್ಕದಲ್ಲಿಟ್ಟು ನೋಡಿ. ಹೊಂದದಿದ್ದರೆ ಎದ್ದು ನಿಂತು ಕೇಳಿ. ನನ್ನನ್ನೂ ಕೇಳಿ.

ಈಗ ಅಂಗಳದ ದೀಪವನ್ನು ಆರಿಸುತ್ತಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಅಲ್ಲಿಯವರೆಗೆ ಯಾರೂ ಮೊಬೈಲ್ ತೆರೆಯಬಾರದೆಂದು ಕೇಳಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.